ಕ್ವಾಂಟೈಲ್ ಫ್ರಾಂಟಿಯರ್ ಗ್ರಾಫ್ ಸರಿಬರುತ್ತಿಲ್ಲವೇ? ಗೆರೆಯ ಲಕ್ಷಣ ನೋಡಿ ದೋಷ ಹಿಡಿಯಿರಿ

ಇಷ್ಟು ಜಮೀನು, ಇಷ್ಟು ಆಳು, ಇಷ್ಟು ಗೊಬ್ಬರ ಹಾಕಿದರೆ ಹೆಚ್ಚೆಂದರೆ ಎಷ್ಟು ಭತ್ತ ಬರಬಹುದು? ಆ ಮೇಲಿನ ಮಿತಿಯನ್ನು ಗೆರೆಯಾಗಿ ಎಳೆದರೆ ಅದೇ ಉತ್ಪಾದನಾ ಫ್ರಾಂಟಿಯರ್. ಡಿಇಎ, ಎಫ್‌ಡಿಎಚ್ ಎಂಬ ಹಳೆಯ ವಿಧಾನಗಳು ಎಲ್ಲ ಚುಕ್ಕಿಗಳನ್ನೂ (ಒಂದು ಚುಕ್ಕಿ ಎಂದರೆ ಒಬ್ಬ ರೈತನ ಒಂದು ವರ್ಷದ ಲೆಕ್ಕ) ಗೆರೆಯ ಕೆಳಗೇ ಇಟ್ಟುಕೊಳ್ಳುತ್ತವೆ. ಹಾಗಾಗಿ ಒಂದು ತಪ್ಪು ಅಂಕಿ ಇದ್ದರೂ ಸಾಕು, ಗೆರೆ ಅದರ ಹಿಂದೆಯೇ ಮೇಲಕ್ಕೆ ಹೋಗಿಬಿಡುತ್ತದೆ. ಕ್ವಾಂಟೈಲ್ ವಿಧಾನಕ್ಕೆ ಅಷ್ಟು ಹಟ ಇಲ್ಲ. ನೂರರಲ್ಲಿ 95 ಚುಕ್ಕಿ ಕೆಳಗಿದ್ದರೆ ಸಾಕು, ಮಿಕ್ಕ 5 ಮೇಲಿದ್ದರೂ ಇರಲಿ ಎನ್ನುತ್ತದೆ. ಈ 95ನ್ನು 0.95 ಎಂದು ಬರೆದರೆ ಅದೇ ಟೌ.

ಇಲ್ಲಿ ಹೇಳಿರುವುದು ಹೆಚ್ಚಾಗಿ ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಳಸುವವರಿಗೆ. ಅಂಥದ್ದೇ ಇನ್ನೊಂದಾದ ಸ್ಟೇಟಾ ಬಳಸುವವರಿಗೆ ಬೇಕಾದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ. ಉದಾಹರಣೆಗೆ, ಆರ್‌ನ ಫ್ರಾಂಟಿಯರ್ ಪ್ಯಾಕೇಜಿನ ಜೊತೆಗೇ ಬರುವ ಭತ್ತದ ಡೇಟಾ ತೆಗೆದುಕೊಳ್ಳೋಣ. ಫಿಲಿಪ್ಪೀನ್ಸ್‌ನ ಟಾರ್ಲಾಕ್ ಪ್ರದೇಶದ 43 ಸಣ್ಣ ರೈತರು, 1990ರಿಂದ 1997ರವರೆಗೆ 8 ವರ್ಷ, ಒಟ್ಟು 344 ಸಾಲು. ಇಳುವರಿ ಟನ್‌ನಲ್ಲಿ, ಜಮೀನು ಹೆಕ್ಟೇರಿನಲ್ಲಿ, ದುಡಿಮೆ ಆಳು-ದಿನಗಳಲ್ಲಿ, ಗೊಬ್ಬರ ಕಿಲೋದಲ್ಲಿ. ಯಾರು ಬೇಕಾದರೂ ತೆರೆದು ನೋಡಬಹುದು. ನಿಮ್ಮ ಸ್ವಂತ ಡೇಟಾದಲ್ಲಿ ಗೆರೆ ಕೆಟ್ಟರೆ, ಅದೇ ಆಜ್ಞೆಗಳನ್ನು ಮೊದಲು ಇದರ ಮೇಲೆ ಓಡಿಸಿ. ಇಲ್ಲಿ ಸರಿ ಬಂದರೆ ತೊಂದರೆ ನಿಮ್ಮ ಡೇಟಾದಲ್ಲಿದೆ, ಆಜ್ಞೆಯಲ್ಲಿ ಅಲ್ಲ.

ಕೈ ಹಾಕುವ ಮುಂಚೆ ಎರಡು ಎಚ್ಚರಿಕೆ. ಮೂಲ ಫೈಲನ್ನು ಮುಟ್ಟಬೇಡಿ, ಪ್ರತಿಯ ಮೇಲೆ ಕೆಲಸ ಮಾಡಿ. ಮತ್ತೆ, ಗೆರೆ ಚೆಂದ ಕಾಣಲಿ ಅಂತ ಚುಕ್ಕಿ ಅಳಿಸಬೇಡಿ. ಅಳಿಸಲೇಬೇಕಾದರೆ ಕಾರಣವನ್ನು ಸ್ಕ್ರಿಪ್ಟಿನಲ್ಲೇ ಬರೆದಿಡಿ.

ಗೆರೆಯೇ ಇಲ್ಲ, ಅಥವಾ ಲೆಕ್ಕ ಅರ್ಧದಲ್ಲೇ ನಿಂತಿತು

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಇದು. ಎಸ್‌ಟಿಆರ್ ಫಂಕ್ಷನ್ನಿನಿಂದ ಪ್ರತಿ ಕಾಲಂ ಯಾವ ಬಗೆಯದು ಎಂದು ನೋಡಿ. ಸಂಖ್ಯೆ ಇರಬೇಕಾದ ಕಡೆ ಅಕ್ಷರ ಎಂದು ಬಂದಿದ್ದರೆ, ಯಾರೋ 1,250 ಎಂದು ಅಲ್ಪವಿರಾಮ ಹಾಕಿ ಬರೆದಿರಬೇಕು. ಎಕ್ಸೆಲ್‌ನಲ್ಲಿ ೧೨ ಎಂದು ಕನ್ನಡ ಅಂಕಿ ಬಳಸಿದ್ದರೂ ಹೀಗೇ ಆಗುತ್ತದೆ. ಆರ್‌ಗೆ ಅದು ಅಂಕಿಯಲ್ಲ, ಬರೀ ಅಕ್ಷರ.

ಕಾಲಂಗಳು ಸರಿಯಿದ್ದರೆ ಸೊನ್ನೆ ಹುಡುಕಿ. ಇಳುವರಿಯನ್ನು ಇನ್‌ಪುಟ್‌ಗಳ (ಜಮೀನು, ದುಡಿಮೆ, ಗೊಬ್ಬರ) ಘಾತಗಳ ಗುಣಲಬ್ಧವಾಗಿ ಬರೆಯುವ ಕಾಬ್-ಡಗ್ಲಸ್ ಮಾದರಿಗೆ ಎಲ್ಲವನ್ನೂ ಲಾಗ್ ಮಾಡುತ್ತೇವೆ. ಗೊಬ್ಬರವೇ ಹಾಕದ ರೈತನ ಸೊನ್ನೆಗೆ ಲಾಗ್ ಮಾಡಿದರೆ ಮೈನಸ್ ಅನಂತ ಬರುತ್ತದೆ. ಅಲ್ಲಿಗೆ ಲೆಕ್ಕ ನಿಲ್ಲುತ್ತದೆ. ಸುಮ್ನೆ 1 ಸೇರಿಸಿ ಲಾಗ್ ಮಾಡುವುದು ಸುಲಭದ ದಾರಿ, ಆದರೆ ನನಗೆ ಅದು ಇಷ್ಟವಿಲ್ಲ. ಕಿಲೋದಲ್ಲಿ 1 ಸೇರಿಸುವುದಕ್ಕೂ ಟನ್‌ನಲ್ಲಿ 1 ಸೇರಿಸುವುದಕ್ಕೂ ಉತ್ತರ ಬೇರೆ ಬರುತ್ತದೆ. ಅಳತೆ ಬದಲಿಸಿದರೆ ಫ್ರಾಂಟಿಯರ್ ಬದಲಾಗಬಾರದು, ಅಲ್ವಾ? ಗೊಬ್ಬರ ಹಾಕಿದವರು, ಹಾಕದವರು ಎಂದು ಒಂದು ಡಮ್ಮಿ (1 ಅಥವಾ 0 ಇರುವ) ಕಾಲಂ ಸೇರಿಸಿ, ಸೊನ್ನೆ ಇರುವ ಸಾಲುಗಳಲ್ಲಿ ಲಾಗ್ ಬೆಲೆಗೆ 0 ಇಡುವುದು ಇದಕ್ಕಿಂತ ಮೇಲು.

ಗೆರೆ ಇದೆ, ಆದರೆ ಚುಕ್ಕಿಗಳ ಮಧ್ಯೆ ಹಾದುಹೋಗಿದೆ

ಇದರ ಕಾರಣ ಬಹುತೇಕ ಒಂದೇ. ಟೌ ಕೊಟ್ಟಿಲ್ಲ. ಕ್ವಾಂಟ್‌ರೆಗ್ ಪ್ಯಾಕೇಜಿನ ಆರ್‌ಕ್ಯೂ ಫಂಕ್ಷನ್ನಿಗೆ ಟೌ ಹೇಳದಿದ್ದರೆ ಅದು 0.5 ಎಂದುಕೊಳ್ಳುತ್ತದೆ. ಎಂದರೆ ಮೀಡಿಯನ್ ಗೆರೆ, ಅರ್ಧ ಚುಕ್ಕಿ ಮೇಲೆ, ಅರ್ಧ ಕೆಳಗೆ. ಸ್ಟೇಟಾದ ಕ್ಯೂರೆಗ್ ಕೂಡ ಹಾಗೇ. ಆರ್‌ನಲ್ಲಿ ಗ್ರಾಫ್ ಎಳೆಯುವ ಜಿಜಿಪ್ಲಾಟ್‌ನ ಜಿಯೋಮ್ ಕ್ವಾಂಟೈಲ್ ತಾನಾಗಿ 0.25, 0.5, 0.75 ಎಂದು ಮೂರು ಗೆರೆ ಎಳೆಯುತ್ತದೆ. ಮೂರರಲ್ಲಿ ಒಂದೂ ಫ್ರಾಂಟಿಯರ್ ಅಲ್ಲ. ನಿಮಗೆ ಬೇಕಾದ 0.90 ಅಥವಾ 0.95 ಅನ್ನು ನೀವೇ ಬರೆಯಬೇಕು.

ಗೆರೆ ನೆಲಕ್ಕೆ ಅಂಟಿಕೊಂಡಿದೆ

ಚುಕ್ಕಿಗಳು ಟನ್ ಲೆಕ್ಕದಲ್ಲಿ, ಗೆರೆ ಲಾಗ್ ಲೆಕ್ಕದಲ್ಲಿ. ಗೆರೆಯ ಬೆಲೆಗಳನ್ನು ಎಕ್ಸ್‌ಪ್ ಫಂಕ್ಷನ್ನಿನಿಂದ ವಾಪಸ್ ತನ್ನಿ. ಲಾಗ್10 ಬಳಸಿದ್ದರೆ 10ರ ಘಾತಕ್ಕೆ ಏರಿಸಿ.

ಸರಾಸರಿಯ ರಿಗ್ರೆಷನ್ ಮಾಡಿ ಅಭ್ಯಾಸ ಇರುವವರು ಇಲ್ಲೊಂದು ಹೆಚ್ಚುವರಿ ತಪ್ಪು ಮಾಡುತ್ತಾರೆ. ವಾಪಸ್ ತಂದ ಬೆಲೆಯನ್ನು ವೇರಿಯನ್ಸ್‌ನ (ಚುಕ್ಕಿಗಳ ಹರಡುವಿಕೆಯ ಅಳತೆ) ಅರ್ಧದಿಂದ ತಿದ್ದುತ್ತಾರೆ. ಕ್ವಾಂಟೈಲ್‌ಗೆ ಅದು ಬೇಡ. ಲಾಗ್ ಮಾಡಿದರೂ ಚುಕ್ಕಿಗಳ ಮೇಲು-ಕೆಳಗಿನ ಸಾಲು ಬದಲಾಗುವುದಿಲ್ಲ. ಹಾಗಾಗಿ ಲಾಗ್‌ನ 95ನೇ ಕ್ವಾಂಟೈಲನ್ನು ವಾಪಸ್ ತಂದರೆ ಸಿಗುವುದು ಟನ್‌ನ 95ನೇ ಕ್ವಾಂಟೈಲೇ. ತಿದ್ದಿದರೆ ಗೆರೆ ಸುಮ್ಮನೆ ಮೇಲೇರುತ್ತದೆ, ರೈತರೆಲ್ಲ ಇದ್ದದ್ದಕ್ಕಿಂತ ಕಡಿಮೆ ದಕ್ಷರಾಗಿ ಕಾಣುತ್ತಾರೆ.

ಗೆರೆ ಗಂಟುಗಂಟಾಗಿದೆ, ಅಥವಾ ಗರಗಸದ ಹಲ್ಲಿನ ಹಾಗಿದೆ

ಇವೆರಡು ಬೇರೆ ಬೇರೆ ಕಾಯಿಲೆ. ಗೆರೆ ಬಲಕ್ಕೆ ಹೋಗಿ, ಎಡಕ್ಕೆ ಬಂದು, ಮತ್ತೆ ಬಲಕ್ಕೆ ಓಡುತ್ತಿದ್ದರೆ ಸಾಲುಗಳು ಜೋಡಣೆಯಾಗಿಲ್ಲ ಎಂದರ್ಥ. ಆರ್‌ನ ಲೈನ್ಸ್ ಫಂಕ್ಷನ್ ಡೇಟಾದಲ್ಲಿ ಸಾಲುಗಳು ಇದ್ದ ಕ್ರಮದಲ್ಲೇ ಗೆರೆ ಎಳೆಯುತ್ತದೆ. ಜಿಯೋಮ್ ಪಾತ್ ಕೂಡ ಅಷ್ಟೇ. ಜಿಯೋಮ್ ಲೈನ್ ಮಾತ್ರ ತಾನೇ ಜೋಡಿಸಿಕೊಳ್ಳುತ್ತದೆ. ಜಮೀನಿನ ಕಾಲಂ ಮೇಲೆ ಡೇಟಾವನ್ನು ಸಾರ್ಟ್ ಮಾಡಿ, ಮುಗಿಯಿತು. ಸ್ಟೇಟಾದ ಟೂವೇ ಲೈನ್‌ಗೆ ಸಾರ್ಟ್ ಆಯ್ಕೆ ಕೊಟ್ಟರೆ ಸಾಕು.

ಗೆರೆ ಎಡದಿಂದ ಬಲಕ್ಕೇ ಹೋಗುತ್ತಿದೆ, ಆದರೆ ಹಲ್ಲುಹಲ್ಲಾಗಿ ಏರಿಳಿಯುತ್ತಿದೆ. ಇದಕ್ಕೆ ಕಾರಣ ನೀವು ಅಡ್ಡಗೆರೆಯಲ್ಲಿ ಹಾಕದ ಮಿಕ್ಕ ಇನ್‌ಪುಟ್‌ಗಳು. ಮಾದರಿಯಲ್ಲಿ ಜಮೀನು, ದುಡಿಮೆ, ಗೊಬ್ಬರ ಮೂರೂ ಇವೆ. ಗ್ರಾಫಿನ ಅಡ್ಡಗೆರೆಯಲ್ಲಿ ಜಮೀನು ಒಂದೇ. ಒಂದೇ ಅಳತೆಯ ಗದ್ದೆಯಿರುವ ಇಬ್ಬರಲ್ಲಿ ಒಬ್ಬ ಗೊಬ್ಬರ ಜಾಸ್ತಿ ಹಾಕಿದ್ದರೆ ಅವನ ಫ್ರಾಂಟಿಯರ್ ಬೆಲೆ ಮೇಲಿರುತ್ತದೆ. ಗೆರೆ ಅಲ್ಲಿ ಕುಪ್ಪಳಿಸುತ್ತದೆ. ಇದಕ್ಕೆ ಹೊಸದೊಂದು ಡೇಟಾ ಫ್ರೇಮ್ ಮಾಡಿ. ಜಮೀನು ಕಡಿಮೆಯಿಂದ ಜಾಸ್ತಿಗೆ ನೂರು ಮೆಟ್ಟಿಲಲ್ಲಿ ಏರಲಿ, ದುಡಿಮೆ ಮತ್ತು ಗೊಬ್ಬರ ಮೀಡಿಯನ್ ಬೆಲೆಯಲ್ಲಿ ನಿಲ್ಲಲಿ. ಪ್ರೆಡಿಕ್ಟ್ ಫಂಕ್ಷನ್ನಿಗೆ ಇದನ್ನು ಕೊಡಿ. ಕಾಲಂ ಹೆಸರುಗಳು ಮಾದರಿಯಲ್ಲಿ ಬರೆದ ಹಾಗೇ ಇರಬೇಕು, ಒಂದಕ್ಷರವೂ ಬದಲಾಗಬಾರದು.

ಗೆರೆಯ ಮೇಲೂ ಚುಕ್ಕಿಗಳಿವೆ!

ಹೆಚ್ಚು ಜನ ಗಾಬರಿಯಾಗುವುದು ಇದಕ್ಕೇ. ಇದು ದೋಷವೇ ಅಲ್ಲ. ಕೇಳಬೇಕಾದ ಪ್ರಶ್ನೆ, ಎಷ್ಟು ಚುಕ್ಕಿ ಮೇಲಿವೆ ಎಂಬುದು.

ಕ್ವಾಂಟೈಲ್ ರಿಗ್ರೆಷನ್ನಿಗೆ ಒಂದು ಒಳ್ಳೆಯ ಗುಣ ಇದೆ. ತನ್ನ ತಪ್ಪನ್ನು ತಾನೇ ಎಣಿಸಲು ಬಿಡುತ್ತದೆ. ಮಾದರಿಯಲ್ಲಿ ಇಂಟರ್‌ಸೆಪ್ಟ್ (ಯಾವ ಇನ್‌ಪುಟ್‌ಗೂ ಸೇರದ ಸ್ಥಿರಸಂಖ್ಯೆ) ಇದ್ದರೆ, ಗೆರೆಗಿಂತ ಮೇಲಿರುವ ಚುಕ್ಕಿಗಳು ಒಟ್ಟು ಸಂಖ್ಯೆಯನ್ನು (1 − ಟೌ)ದಿಂದ ಗುಣಿಸಿದ್ದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ. ಗೆರೆಯ ಮೇಲೆಯೇ ಕೂತ ಚುಕ್ಕಿಗಳನ್ನೂ ಸೇರಿಸಿದರೆ ಆ ಸಂಖ್ಯೆಗಿಂತ ಕಡಿಮೆಯಾಗಲೂ ಸಾಧ್ಯವಿಲ್ಲ. ನಮ್ಮ ಭತ್ತದ ಲೆಕ್ಕದಲ್ಲಿ 344ರ 5% ಎಂದರೆ 17.2. ಅಂದಾಜು ಮಾಡುವ ಗುಣಾಂಕ 4 (ಮೂರು ಇನ್‌ಪುಟ್, ಒಂದು ಇಂಟರ್‌ಸೆಪ್ಟ್), ಹಾಗಾಗಿ ಸಾಮಾನ್ಯವಾಗಿ 4 ಚುಕ್ಕಿ ಗೆರೆಯ ಮೇಲೆಯೇ ಕೂರುತ್ತವೆ. ಅಲ್ಲಿಗೆ ಮೇಲಿನ ಚುಕ್ಕಿಗಳು 14ರಿಂದ 17ರೊಳಗೆ ಇರಬೇಕು. 60 ಬಂದರೆ ಟೌ ತಪ್ಪು, ಅಥವಾ ಲಾಗ್ ಗೊಂದಲ. ಒಂದೂ ಇಲ್ಲದಿದ್ದರೆ ನೀವು ಎಳೆದಿರುವುದು ಬೇರೆ ಯಾವುದೋ ಗೆರೆ.

ಎಣಿಕೆಯನ್ನು ಕಣ್ಣಳತೆಯಲ್ಲಿ ಮಾಡಬೇಡಿ, ರೆಸಿಡ್ಯುಯಲ್ (ಚುಕ್ಕಿಯ ಬೆಲೆಯಿಂದ ಗೆರೆಯ ಬೆಲೆ ಕಳೆದದ್ದು) ಕಾಲಂ ಮೇಲೆ ಮಾಡಿ. ಮಿಕ್ಕ ಇನ್‌ಪುಟ್‌ಗಳನ್ನು ಮೀಡಿಯನ್‌ನಲ್ಲಿ ನಿಲ್ಲಿಸಿ ಎಳೆದ ಗ್ರಾಫಿನಲ್ಲಿ ದೊಡ್ಡ ಗದ್ದೆಯವರು ಬಲಗಡೆ ಗುಂಪಾಗಿ ಗೆರೆಯ ಮೇಲೆ ಕಾಣುತ್ತಾರೆ. ಅವರ ದುಡಿಮೆ, ಗೊಬ್ಬರ ನಿಜವಾಗಿಯೂ ಜಾಸ್ತಿ, ಗೆರೆ ಮಾತ್ರ ಮೀಡಿಯನ್‌ನಲ್ಲಿ ನಿಂತಿದೆ. ಅದಕ್ಕೇ ಹಾಗೆ ಕಾಣುತ್ತದೆ. ಇನ್ನೊಂದು ಸಣ್ಣ ವಿಷಯ. ಗೆರೆಯ ಮೇಲೆಯೇ ಕೂತ ಚುಕ್ಕಿಯ ರೆಸಿಡ್ಯುಯಲ್ ಕಂಪ್ಯೂಟರಿನಲ್ಲಿ ಸರಿಯಾಗಿ ಸೊನ್ನೆ ಆಗುವುದಿಲ್ಲ, ಸೊನ್ನೆಗೆ ತೀರಾ ಹತ್ತಿರದ ಚೂರು ಉಳಿದಿರುತ್ತದೆ. 0.000001ಕ್ಕಿಂತ ದೊಡ್ಡದನ್ನು ಮಾತ್ರ 'ಮೇಲೆ' ಎಂದು ಎಣಿಸಿ.

ಈ ಒಂದು ಎಣಿಕೆ ಮಾಡದೆ ಮುಂದಿನ ಯಾವ ಪರೀಕ್ಷೆಗೂ ಹೋಗಬೇಡಿ. ಎಣಿಕೆ ಸರಿಬಂದರೆ ಆರ್‌ಕ್ಯೂ ತನ್ನ ಕೆಲಸ ಮಾಡಿದೆ. ತೊಂದರೆ ಗ್ರಾಫಿನಲ್ಲಿದೆ, ಇಲ್ಲವೇ ಮಾದರಿಯಲ್ಲಿದೆ.

ಜೂಮ್ ಮಾಡಿದರೆ ಗೆರೆ ಜಾಗ ಬದಲಿಸುತ್ತದೆ

ಜಿಜಿಪ್ಲಾಟ್‌ನ ವೈಲಿಮ್ ಬರೀ ಕಿಟಕಿ ಚಿಕ್ಕದು ಮಾಡುವುದಿಲ್ಲ. ಮಿತಿಯ ಹೊರಗಿನ ಚುಕ್ಕಿಗಳನ್ನು ಎಸೆದು, ಉಳಿದವುಗಳ ಮೇಲೆ ಗೆರೆಯನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಫ್ರಾಂಟಿಯರಿಗೆ ಬೇಕಾದ ಚುಕ್ಕಿಗಳು ಇರುವುದೇ ಮೇಲ್ತುದಿಯಲ್ಲಿ. ಅವನ್ನೇ ಎಸೆದರೆ ಗೆರೆ ಕೆಳಗಿಳಿಯದೆ ಇನ್ನೇನು? ಕೋಆರ್ಡ್ ಕಾರ್ಟೀಸಿಯನ್ ಬಳಸಿ, ಅದು ನೋಟವನ್ನಷ್ಟೇ ಕತ್ತರಿಸುತ್ತದೆ. ಲಾಗ್ ಅಕ್ಷಕ್ಕೂ ಇದೇ ಎಚ್ಚರ ಬೇಕು. ಸ್ಕೇಲ್ ಬದಲಿಸಿದರೆ ಲಾಗ್ ಮಾಡಿದ ಮೇಲೆ ಗೆರೆ ಲೆಕ್ಕವಾಗುತ್ತದೆ. ಕೋಆರ್ಡ್ ಬದಲಿಸಿದರೆ ಗೆರೆ ಮೊದಲು, ಲಾಗ್ ಆಮೇಲೆ.

ಒಂದೇ ಚುಕ್ಕಿ ಇಡೀ ಗೆರೆಯನ್ನು ತಿರುಗಿಸಿದೆ

ಇಳುವರಿ ವಿಪರೀತ ಇರುವ ಚುಕ್ಕಿಯನ್ನು ಮೊದಲು ಅನುಮಾನಿಸಬೇಡಿ. ಗೆರೆಗಿಂತ ಮೇಲಿರುವ ಚುಕ್ಕಿಯನ್ನು ಇನ್ನೂ ಎಷ್ಟೇ ಮೇಲಕ್ಕೆ ಒಯ್ದರೂ ಕ್ವಾಂಟೈಲ್ ಗೆರೆ ಕದಲುವುದಿಲ್ಲ. ಗೆರೆಯನ್ನು ತಿರುಗಿಸುವ ಶಕ್ತಿ ಇರುವುದು ಅಡ್ಡಡ್ಡ ದೂರ ಹೋದ ಚುಕ್ಕಿಗೆ, ಅಂದರೆ ಇನ್‌ಪುಟ್ ಅಂಕಿ ತಪ್ಪಾದ ಸಾಲಿಗೆ. ಹೆಕ್ಟೇರ್ ಬದಲು ಎಕರೆ, ಗೊಬ್ಬರದಲ್ಲಿ ಕಿಲೋ ಬದಲು ಕ್ವಿಂಟಲ್ ಬಿದ್ದಿದೆಯೇ ನೋಡಿ.

ಕರ್ನಾಟಕದ ಜಮೀನಿನ ಡೇಟಾ ಇಟ್ಟುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪಹಣಿಯಲ್ಲಿ 2.20 ಎಂದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು 2.5 ಎಕರೆ. ಎಕ್ಸೆಲ್‌ನಲ್ಲಿ ಹಾಗೇ ಟೈಪ್ ಮಾಡಿದರೆ 2.2 ಆಗಿ ಕೂರುತ್ತದೆ. ಯಾರಾದರೂ 2 ಎಕರೆ 2 ಗುಂಟೆಯನ್ನು 2.2 ಎಂದು ಬರೆದಿದ್ದರೆ ಎರಡನ್ನೂ ಬೇರೆ ಮಾಡುವ ದಾರಿಯೇ ಇಲ್ಲ, ಕಾಗದಕ್ಕೇ ವಾಪಸ್ ಹೋಗಬೇಕು. ಎಕರೆ, ಗುಂಟೆ ಎರಡಕ್ಕೂ ಬೇರೆ ಕಾಲಂ ಇಡಿ. ಗುಂಟೆಯನ್ನು 40ರಿಂದ ಭಾಗಿಸಿ ಆಮೇಲೆ ಕೂಡಿ.

90ರ ಗೆರೆ 95ರ ಗೆರೆಯನ್ನು ದಾಟಿ ಮೇಲೆ ಹೋಗಿದೆ

ತರ್ಕಕ್ಕೆ ನಿಲ್ಲದ ಚಿತ್ರ ಇದು. 90ನೇ ಕ್ವಾಂಟೈಲ್ 95ನೆಯದಕ್ಕಿಂತ ಮೇಲಿರಲು ಹೇಗೆ ಸಾಧ್ಯ? ಆದರೂ ಆಗುತ್ತದೆ. ಪ್ರತಿ ಟೌಗೂ ಗೆರೆಯನ್ನು ಬೇರೆ ಬೇರೆಯಾಗಿ ಹೊಂದಿಸುವುದರಿಂದ ಒಂದರ ಸುದ್ದಿ ಇನ್ನೊಂದಕ್ಕೆ ಇರುವುದಿಲ್ಲ.

ಎಲ್ಲಿ ದಾಟಿದೆ ಎಂದು ಮೊದಲು ನೋಡಿ. ಎಲ್ಲ ಇನ್‌ಪುಟ್‌ಗಳೂ ತಮ್ಮ ಸರಾಸರಿಯಲ್ಲಿರುವ ಬಿಂದುವಿನಲ್ಲಿ ಗೆರೆಗಳು ದಾಟುವುದಿಲ್ಲ, ಇದು ಸಾಬೀತಾದ ಮಾತು. ಮಾದರಿ ಲಾಗ್‌ನಲ್ಲಿದ್ದರೆ ಲಾಗ್‌ಗಳ ಸರಾಸರಿ. ಅಲ್ಲೂ ದಾಟಿದ್ದರೆ ನಿಮ್ಮ ಪ್ರೆಡಿಕ್ಟ್ ಆಜ್ಞೆಯಲ್ಲೇ ಎಡವಟ್ಟಾಗಿದೆ. ತುದಿಯಲ್ಲಿ ದಾಟಿದ್ದರೆ, ಅಲ್ಲಿ ನಿಜವಾದ ರೈತರು ಇದ್ದಾರೆಯೇ ಎಣಿಸಿ. ಯಾರೂ ಇಲ್ಲದ ಜಾಗಕ್ಕೆ ಗೆರೆ ಎಳೆಯುವುದೇ ತಪ್ಪು. ಡೇಟಾ ಮುಗಿದಲ್ಲಿ ಗೆರೆಯೂ ಮುಗಿಯಲಿ.

ಡೇಟಾ ಇರುವ ಕಡೆಯೂ ದಾಟುತ್ತಿದ್ದರೆ ಕ್ವಾಂಟ್‌ರೆಗ್‌ನ ರೀಅರೇಂಜ್ ಫಂಕ್ಷನ್ ಇದೆ. ಪ್ರತಿ ಬಿಂದುವಿನಲ್ಲೂ ಕ್ವಾಂಟೈಲ್ ಬೆಲೆಗಳನ್ನು ಏರಿಕೆಯ ಕ್ರಮಕ್ಕೆ ಜೋಡಿಸುತ್ತದೆ. ಚೆರ್ನೊಜುಕೊವ್, ಫೆರ್ನಾಂಡಿಸ್-ವಾಲ್ ಮತ್ತು ಗಾಲಿಶೋ 2010ರಲ್ಲಿ ಪ್ರಕಟಿಸಿದ ವಿಧಾನ ಅದು. ತುಂಬ ಕಡೆ ದಾಟುತ್ತಿದ್ದರೆ ಮಾತ್ರ ಜೋಡಣೆಗೆ ಹೋಗದೆ ಮಾದರಿಯನ್ನೇ ಅನುಮಾನಿಸಿ.

ಇನ್‌ಪುಟ್ ಜಾಸ್ತಿಯಾದಂತೆ ಫ್ರಾಂಟಿಯರ್ ಕೆಳಗೆ ಬಾಗುತ್ತದೆ

ಮಾದರಿಗೆ ವರ್ಗದ ಪದ (ಜಮೀನು × ಜಮೀನು) ಅಥವಾ ಸ್ಪ್ಲೈನ್ (ತುಂಡುತುಂಡಾಗಿ ಬಾಗುವ ಗೆರೆ) ಹಾಕಿದವರಿಗೆ ಇದು ಬರುತ್ತದೆ. ಬಲತುದಿಯಲ್ಲಿ ನಾಲ್ಕೈದು ಚುಕ್ಕಿ ಇದ್ದು, ಅವುಗಳ ಇಳುವರಿ ಕಡಿಮೆಯಿದ್ದರೆ ಗೆರೆ ಅವುಗಳತ್ತ ಬಗ್ಗುತ್ತದೆ. ಸ್ಪ್ಲೈನ್‌ನ ಡಿಗ್ರಿ ಕಡಿಮೆ ಮಾಡಿ ನೋಡಿ. ಆಗಲೂ ಬಾಗಿದರೆ ಕ್ವಾಂಟ್‌ರೆಗ್‌ನ ಆರ್‌ಕ್ಯೂಎಸ್‌ಎಸ್ ಬಳಸಿ. ಅದರಲ್ಲಿ ಗೆರೆ ಏರಲೇಬೇಕು, ಜೊತೆಗೆ ಏರಿಕೆ ನಿಧಾನವಾಗುತ್ತ ಹೋಗಬೇಕು ಎಂದು ಷರತ್ತು ಹಾಕಬಹುದು. ಅರ್ಥಶಾಸ್ತ್ರ ಹೇಳುವ ಆಕಾರ ಅದೇ.

'ಸಲ್ಯೂಷನ್ ಮೇ ಬಿ ನಾನ್‌ಯೂನೀಕ್' ಎಂಬ ಎಚ್ಚರಿಕೆ

ಬಹುಪಾಲು ನಿರುಪದ್ರವಿ. ಜನ ಅಂಕಿಗಳನ್ನು 1, 1.5, 2 ಎಂದು ದುಂಡಾಗಿ ಹೇಳುತ್ತಾರೆ, ಒಂದೇ ಬೆಲೆ ಹಲವು ಸಾಲಲ್ಲಿ ಬರುತ್ತದೆ, ಅಷ್ಟೇ ಚೆನ್ನಾಗಿ ಹೊಂದುವ ಗೆರೆ ಒಂದಕ್ಕಿಂತ ಹೆಚ್ಚಿರುತ್ತದೆ. 'ಸಿಂಗ್ಯುಲರ್ ಡಿಸೈನ್ ಮ್ಯಾಟ್ರಿಕ್ಸ್' ಎಂದು ಬಂದರೆ ಮಾತ್ರ ಲೆಕ್ಕ ನಿಂತೇಬಿಡುತ್ತದೆ. ಒಂದು ಕಾಲಂ ಇನ್ನೊಂದರ ನಕಲು, ಅಥವಾ ಎಲ್ಲ ವರ್ಷಕ್ಕೂ ಡಮ್ಮಿ ಹಾಕಿ ಇಂಟರ್‌ಸೆಪ್ಟನ್ನೂ ಉಳಿಸಿಕೊಂಡಿದ್ದೀರಿ.

ಗಂಟೆಗಟ್ಟಲೆ ಓಡುತ್ತಿದೆ, ಮುಗಿಯುತ್ತಿಲ್ಲ

ಸಾಲುಗಳು ಲಕ್ಷ ದಾಟಿವೆಯೇ? ಆರ್‌ಕ್ಯೂನ ಮಾಮೂಲಿ ವಿಧಾನ 'ಬಿಆರ್' ಕೆಲವು ಸಾವಿರ ಸಾಲಿಗೆ ಚೆನ್ನ. ದೊಡ್ಡದಕ್ಕೆ ಮೆಥಡ್ 'ಎಫ್‌ಎನ್' ಕೊಡಿ.

ಎರಡು ಪ್ಯಾಕೇಜ್, ಎರಡು ಫ್ರಾಂಟಿಯರ್

ಒಂದೇ ಡೇಟಾ, ಒಂದೇ 0.95. ಆರ್‌ಕ್ಯೂ ಒಂದು ಗೆರೆ ಕೊಡುತ್ತದೆ, ಫ್ರಂಟೈಲ್ಸ್ ಪ್ಯಾಕೇಜ್ ಅಥವಾ ಸ್ಟೇಟಾದ ಆರ್ಡರ್‌ಆಲ್ಫಾ ಇನ್ನೊಂದು ಕೊಡುತ್ತದೆ. ಯಾವುದೋ ಒಂದು ಕೆಟ್ಟಿದೆ ಎಂದು ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಎರಡೂ ಸರಿ. ಕೇಳಿದ ಪ್ರಶ್ನೆಯೇ ಬೇರೆ.

ಕೊಯೆಂಕರ್ ಮತ್ತು ಬ್ಯಾಸೆಟ್ 1978ರಲ್ಲಿ ಕೊಟ್ಟ ಕ್ವಾಂಟೈಲ್ ರಿಗ್ರೆಷನ್ ಕೇಳುವುದು ಹೀಗೆ: ಸರಿಯಾಗಿ 2 ಹೆಕ್ಟೇರ್ ಇರುವವರಲ್ಲಿ 95ನೇ ಕ್ವಾಂಟೈಲ್ ಎಷ್ಟು? ಅರಗಾನ್, ದಾವಿಯಾ ಮತ್ತು ತೋಮಾ-ಅನ್ಯಾನ್ 2005ರಲ್ಲಿ ಮುಂದಿಟ್ಟ ಆರ್ಡರ್-ಆಲ್ಫಾ ಕೇಳುವುದು ಹೀಗೆ: 2 ಹೆಕ್ಟೇರ್ ಅಥವಾ ಅದಕ್ಕಿಂತ ಕಡಿಮೆ ಇರುವ ಎಲ್ಲರಲ್ಲಿ ಎಷ್ಟು? ಎರಡನೆಯದರಲ್ಲಿ ಸಣ್ಣ ಗದ್ದೆಯವರೂ ಗುಂಪಿಗೆ ಸೇರುತ್ತಾರೆ. ಹಾಗಾಗಿ ಬಲಕ್ಕೆ ಹೋದಂತೆ ಈ ಗೆರೆ ಸಾಮಾನ್ಯವಾಗಿ ಕೆಳಗಿರುತ್ತದೆ, 5%ಗಿಂತ ಜಾಸ್ತಿ ಚುಕ್ಕಿ ಮೇಲಿರುತ್ತವೆ. ಮೇಲೆ ಹೇಳಿದ ಎಣಿಕೆಯ ಪರೀಕ್ಷೆ ಇದಕ್ಕೆ ನಡೆಯುವುದಿಲ್ಲ. ದಕ್ಷತೆ (ಇಳುವರಿಯನ್ನು ಗೆರೆಯ ಬೆಲೆಯಿಂದ ಭಾಗಿಸಿದ್ದು) 1ನ್ನು ದಾಟಿದ ರೈತರು ಸಿಗುವುದೂ ಇಲ್ಲಿ ಮಾಮೂಲಿ.

ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ನಾಲ್ಕು ಗದ್ದೆ: 1 ಹೆಕ್ಟೇರಿಗೆ 3 ಟನ್, 2ಕ್ಕೆ 5, 3ಕ್ಕೆ 1, 4ಕ್ಕೆ 1. ಆಲ್ಫಾ (ಇಲ್ಲಿ ಟೌನ ಜಾಗದಲ್ಲಿರುವುದು) 0.5 ಇರಲಿ. 3 ಹೆಕ್ಟೇರಿನಲ್ಲಿ ಗುಂಪು 1, 3, 5. ಗೆರೆ 3ರಲ್ಲಿದೆ. 4 ಹೆಕ್ಟೇರಿನಲ್ಲಿ ಗುಂಪು 1, 1, 3, 5. ಗೆರೆ 1ಕ್ಕೆ ಬಿತ್ತು. ಅಂದರೆ ಈ ಗೆರೆ ಕೆಳಗಿಳಿಯುವುದೂ ಸಹಜವೇ. ಇದೇ ನಾಲ್ಕು ಅಂಕಿಗೆ ಆರ್‌ನ ಕ್ವಾಂಟೈಲ್ ಫಂಕ್ಷನ್ 2 ಎನ್ನುತ್ತದೆ, ಏಕೆಂದರೆ ಅದರ ಒಂಬತ್ತು ವಿಧಗಳಲ್ಲಿ ಮಾಮೂಲಿಯಾದ 7ನೆಯದು ಎರಡು ಬೆಲೆಯ ನಡುವೆ ಹಂಚಿ ಹೇಳುತ್ತದೆ. ಆರ್ಡರ್-ಆಲ್ಫಾಗೆ ಬೇಕಾದ್ದು ವಿಧ 1.

ಎಳೆಯುವಾಗ ಮೆಟ್ಟಿಲಿನ ಆಕಾರ ಕೊಡಿ, ಜಿಯೋಮ್ ಸ್ಟೆಪ್ ಬಳಸಿ. ಓರೆ ಗೆರೆಯಿಂದ ಚುಕ್ಕಿಗಳನ್ನು ಸೇರಿಸಿದರೆ ಲೆಕ್ಕದಲ್ಲೇ ಇಲ್ಲದ ಬೆಲೆಗಳು ಗ್ರಾಫಿನಲ್ಲಿ ಹುಟ್ಟಿಕೊಳ್ಳುತ್ತವೆ.

ಕನ್ನಡ ಶೀರ್ಷಿಕೆ ಬರೀ ಚುಕ್ಕೆಗಳಾಗಿ ಬಂದಿದೆ

ಆರ್‌ನ ಮಾಮೂಲಿ ಪಿಡಿಎಫ್ ಸಾಧನಕ್ಕೆ ಕನ್ನಡ ಗೊತ್ತಿಲ್ಲ. ಚಿತ್ರವನ್ನು ರ್‍ಯಾಗ್ ಪ್ಯಾಕೇಜಿನ ಪಿಎನ್‌ಜಿ ಸಾಧನದಲ್ಲಿ ಉಳಿಸಿ, ಫಾಂಟ್ ನೋಟೋ ಸಾನ್ಸ್ ಕನ್ನಡ ಇರಲಿ. ಒತ್ತಕ್ಷರಗಳೂ ಜಾಗದಲ್ಲೇ ಕೂರುತ್ತವೆ.

ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕೇಳಿ

ಚುಕ್ಕಿ ಕಡಿಮೆ, ಟೌ ತೀರಾ ಮೇಲೆ. ಟಾರ್ಲಾಕ್‌ನ ಒಂದೇ ವರ್ಷದ 43 ಸಾಲಿಗೆ 0.99 ಕೇಳಿದರೆ ಮೇಲಿರಬೇಕಾದ ಚುಕ್ಕಿ ಅರ್ಧವೂ ಇಲ್ಲ. ಸಾಫ್ಟ್‌ವೇರ್ ಮಾತ್ರ ಬೇಜಾರಿಲ್ಲದೆ ಒಂದು ಗೆರೆ ಎಳೆದು ಕೊಡುತ್ತದೆ. ಇಂಥ ಚಿಕ್ಕ ಡೇಟಾಗೆ ನಾನು 0.90ಕ್ಕಿಂತ ಮೇಲೆ ಹೋಗುವುದಿಲ್ಲ. ಅದಕ್ಕೂ ಮೇಲೆ ಬೇಕೇಬೇಕು ಎಂದರೆ ತುದಿಯ ಕ್ವಾಂಟೈಲ್‌ಗಳ ಸಿದ್ಧಾಂತವೇ ಬೇರೆ ಇದೆ, ಅದು ಗೊತ್ತಿರುವ ಸಂಖ್ಯಾಶಾಸ್ತ್ರಜ್ಞರ ಹತ್ತಿರ ಹೋಗಿ.

ಒಬ್ಬನೇ ರೈತ 8 ವರ್ಷ ಬಂದಿರುವಾಗ 344 ಸಾಲೂ ಸ್ವತಂತ್ರ ಎಂದುಕೊಂಡು ಗೆರೆ ಎಷ್ಟು ಅನಿಶ್ಚಿತ ಎಂದು ತೋರಿಸುವ ನೆರಳುಪಟ್ಟಿ ಹಾಕಿದರೆ ಪಟ್ಟಿ ನಂಬಲಾಗದಷ್ಟು ತೆಳ್ಳಗೆ ಬರುವ ಸಂಭವ ಜಾಸ್ತಿ. ರೈತನನ್ನೇ ಘಟಕವಾಗಿಟ್ಟು ಬೂಟ್‌ಸ್ಟ್ರಾಪ್ (ಡೇಟಾದಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿ ಲೆಕ್ಕ ಹಾಕುವುದು) ಮಾಡಬೇಕು, ಆ ಚೀಟಿ ಎತ್ತುವಿಕೆಯ ಆರಂಭ ಸಂಖ್ಯೆಯಾದ ಸೀಡ್ ಬರೆದಿಡಬೇಕು. ಇದು ಬರದಿದ್ದರೆ ಪಟ್ಟಿ ಇಲ್ಲದ ಗ್ರಾಫೇ ಒಳ್ಳೆಯದು. ಒಳ್ಳೆಯ ಮಳೆಯ ಸುಳಿವು ಸಿಕ್ಕಿ ರೈತ ಗೊಬ್ಬರ ಜಾಸ್ತಿ ಹಾಕಿದ್ದರೆ, ಗೊಬ್ಬರದ ಗುಣಾಂಕವೇ ಅನುಮಾನ. ಯಾವ ಗ್ರಾಫೂ ಇದನ್ನು ತೋರಿಸುವುದಿಲ್ಲ.

ಗೆರೆಯ ಕೆಳಗಿರುವವನನ್ನು ಹೆಸರು ಹಿಡಿದು 'ದಕ್ಷನಲ್ಲ' ಎಂದು ವರದಿಯಲ್ಲಿ ಬರೆಯಬೇಡಿ. ಮಣ್ಣು, ನೀರು ಮಾದರಿಯಲ್ಲಿ ಇಲ್ಲ. ಹಂಚುವ ಗ್ರಾಫಿನಿಂದ ರೈತರ ಗುರುತಿನ ಸಂಖ್ಯೆಯನ್ನೂ ತೆಗೆದುಬಿಡಿ.

ಸಹಾಯ ಕೇಳುವಾಗ ಗ್ರಾಫಿನ ಫೋಟೋ ಮಾತ್ರ ಕಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸ್ಕ್ರಿಪ್ಟ್, ಎಸ್‌ಟಿಆರ್‌ನ ಉತ್ತರ, ಸೆಷನ್ ಇನ್ಫೋ ತೋರಿಸುವ ಪ್ಯಾಕೇಜ್ ಆವೃತ್ತಿಗಳು, ಬಳಸಿದ ಟೌ, ಗೆರೆಯ ಮೇಲೆ ಎಷ್ಟು ಚುಕ್ಕಿ ಇವೆ ಎಂಬ ಎಣಿಕೆ, ಇಷ್ಟನ್ನು ಕಳಿಸಿ. ಭತ್ತದ ಡೇಟಾದ ಮೇಲೂ ಅದೇ ತೊಂದರೆ ಬರುತ್ತದೆಯೇ ಎಂದೂ ಹೇಳಿ.